ಫಿಲ್ಮ್ ಅಂತ ಹುಡುಕಿದ್ರೆ ಫಿಸಿಕ್ಸ್ ಬರುತ್ತೆ: ಯೂನಿವರ್ಸಿಟಿ ಲೈಬ್ರರಿ, ನಾಲ್ಕು ವರ್ಷ ಬಳಸಿದ ಮೇಲೆ

ನಂದು ಕನ್ನಡ ಸಿನಿಮಾ ಮೇಲೆ ಪಿಎಚ್‌ಡಿ. ನಾಲ್ಕು ವರ್ಷದಿಂದ ನಮ್ಮ ಯೂನಿವರ್ಸಿಟಿ ಲೈಬ್ರರಿನ, ಅದರ ಆನ್‌ಲೈನ್ ಡೇಟಾಬೇಸ್‌ಗಳನ್ನ ಹೆಚ್ಚುಕಮ್ಮಿ ದಿನಾ ಬಳಸ್ತಾ ಇದೀನಿ. ಐದಕ್ಕೆ ಮೂರೂವರೆ ಸ್ಟಾರ್, ಅದ್ರಲ್ಲಿ ಪೂರ್ತಿ ಒಂದು ಸ್ಟಾರ್ ರೆಫರೆನ್ಸ್ ಸೆಕ್ಷನ್ ಮೇಡಂಗೆ ಸೇರ್ಬೇಕು.

ಮೊದಲನೇ ದಿನ ಹೋಂ ಪೇಜ್‌ನ ದೊಡ್ಡ ಸರ್ಚ್ ಬಾಕ್ಸಲ್ಲಿ ಫಿಲ್ಮ್ ಅಂತ ಹೊಡೆದೆ, ರಿಸಲ್ಟ್ ನೋಡಿ ಖುಷಿಯಾಗಿ ಕ್ಲಿಕ್ ಮಾಡ್ತಾ ಹೋದ್ರೆ ಥಿನ್ ಫಿಲ್ಮ್, ಝಿಂಕ್ ಆಕ್ಸೈಡ್, ಸೋಲಾರ್ ಸೆಲ್, ಎಲ್ಲಾ ಫಿಸಿಕ್ಸ್‌ನವರ ಸರಕು. ರಾಜ್‌ಕುಮಾರ್ ಅಂತ ಕೊಟ್ರೆ ಆ ಹೆಸರಿನ ಡಾಕ್ಟರ್‌ಗಳು ಇಂಜಿನಿಯರ್‌ಗಳು ಬರೆದ ಪೇಪರ್ ಸಾಲುಸಾಲು, ಅಣ್ಣಾವ್ರು ಮಾತ್ರ ಪತ್ತೆ ಇಲ್ಲ. 1970ರ ಸಂಸ್ಕಾರ ಸಿನಿಮಾ ಬಗ್ಗೆ ಹುಡುಕಿದಾಗ ಅಂತೂ ಗರ್ಭಾಧಾನದಿಂದ ಅಂತ್ಯೇಷ್ಟಿವರೆಗೆ ಎಲ್ಲಾ ಸಂಸ್ಕಾರನೂ ಬಂತು, ಸಿನಿಮಾ ಬರ್ಲಿಲ್ಲ.

ಆಮೇಲೆ ಮೇಡಂ ಪಕ್ಕಕ್ಕೆ ಕೂರಿಸ್ಕೊಂಡು ಹೇಳಿದ್ರು, ‘ಕ್ಯಾಟಲಾಗಲ್ಲಿ ಸಿನಿಮಾಗೆ ಮೋಷನ್ ಪಿಕ್ಚರ್ಸ್ ಅಂತ ಹೆಸರಪ್ಪಾ, ಸಬ್ಜೆಕ್ಟ್ ಕಾಲಂನಲ್ಲಿ ಅದನ್ನ ಹಾಕು, ಪಕ್ಕದಲ್ಲಿ ಇಂಡಿಯಾ ಅಂತ ಹಾಕು.’ ಅಷ್ಟೇ, ಝಿಂಕ್ ಆಕ್ಸೈಡ್ ಮಾಯ. ಕಪಾಟಲ್ಲಿ ನೋಡೋರಾದ್ರೆ ಸಿನಿಮಾ ಪುಸ್ತಕಗಳ ಮೇಲೆ ಅಂಟಿಸಿರೋ ವಿಷಯದ ನಂಬರ್ 791.43. ನಮ್ಮಲ್ಲಿ ಕನ್ನಡ ಪುಸ್ತಕಗಳು ಬೇರೆ ಮಹಡಿಲಿ ಇರೋದ್ರಿಂದ ಎರಡು ಕಡೆ ಮೆಟ್ಟಿಲು ಹತ್ತಲೇಬೇಕು.

ಇದಕ್ಕಿಂತ ದೊಡ್ಡ ತಲೆನೋವು ಸ್ಪೆಲಿಂಗ್. ಹಳೇ ಇಂಗ್ಲಿಷ್ ಬರಹಗಳಲ್ಲಿ ಕನ್ನಡ ಅಂತಾನೇ ಇರಲ್ಲ, ಕ್ಯಾನರೀಸ್ ಅಂತಿರುತ್ತೆ, ಅದನ್ನೂ ಒಬ್ರು ಸಿ ಇಂದ ಶುರು ಮಾಡ್ತಾರೆ ಇನ್ನೊಬ್ರು ಕೆ ಇಂದ. ನಮ್ಮ ಮೊದಲ ಟಾಕಿ, 1934ರ ಸತಿ ಸುಲೋಚನ ಬಗ್ಗೆ ಹುಡುಕ್ತಾ ಇದು ಗೊತ್ತಿಲ್ದೆ ನಾನು ಎಷ್ಟು ವಾರ ಹಾಳು ಮಾಡಿದೀನೋ. ಈಗ ನೋಟ್‌ಬುಕ್ಕಿನ ಕೊನೇ ಹಾಳೆ ತುಂಬಾ ಬರೀ ಸ್ಪೆಲಿಂಗೇ, ಒಂದೊಂದು ಹೆಸರಿಗೆ ನಾಲ್ಕು ಐದು. ಡೇಟಾಬೇಸ್ ಎಷ್ಟಿದೆ ಅನ್ನೋದಕ್ಕಿಂತ ಆ ಹಾಳೆನೇ ನಂಗೆ ಜಾಸ್ತಿ ಕೆಲಸಕ್ಕೆ ಬಂದಿರೋದು.

ಜರ್ನಲ್ ವಿಷಯಕ್ಕೆ ಬಂದ್ರೆ, ಹಳೇ ಸಂಚಿಕೆಗಳಿಗೆ ಜೆಸ್ಟೋರ್ ಅನ್ನೋ ಆನ್‌ಲೈನ್ ಜರ್ನಲ್ ಸಂಗ್ರಹ ಚೆನ್ನಾಗಿದೆ, ಆದ್ರೆ ಅದ್ರಲ್ಲಿ ಎಷ್ಟೋ ಜರ್ನಲ್‌ಗಳ ಇತ್ತೀಚಿನ ಕೆಲವು ವರ್ಷದ್ದು ಇರಲ್ಲ, ಅದನ್ನ ಪ್ರಕಾಶಕರ ಸೈಟಲ್ಲೇ ನೋಡ್ಬೇಕು. ನಮ್ಮ ಕಡೆ ಸಿನಿಮಾಗೆ ಬಯೋಸ್ಕೋಪ್ ಅಂತ 2010ರಿಂದ ಬರ್ತಿರೋ ಜರ್ನಲ್ ಇದೆ, ದಕ್ಷಿಣ ಏಷ್ಯಾ ಸಿನಿಮಾ ಬಗ್ಗೆನೇ, ಮೊದಲು ಅಲ್ಲಿಂದ ಶುರು ಮಾಡಿ. 2025 ಜನವರಿಯಿಂದ ಕೇಂದ್ರ ಸರ್ಕಾರದ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್ ಬಂದಿದೆ (ಸರ್ಕಾರವೇ ಚಂದಾ ಕಟ್ಟಿ ಸರ್ಕಾರಿ ಸಂಸ್ಥೆಗಳಿಗೆ ಜರ್ನಲ್ ಓದೋಕೆ ಕೊಡೋ ಯೋಜನೆ), ಸರ್ಕಾರಿ ಯೂನಿವರ್ಸಿಟಿಲಿ ಇರೋರು ಅದನ್ನ ವಿಚಾರಿಸಿ, ನಂಗೆ ಪೇವಾಲ್ (ದುಡ್ಡು ಕಟ್ಟಿದ್ರೆ ಮಾತ್ರ ಓದೋಕೆ ಬಿಡೋ ತಡೆ) ಬಾಗಿಲಲ್ಲಿ ನಿಂತು ವಾಪಸ್ ಬರೋದು ತುಂಬಾ ಕಮ್ಮಿ ಆಗಿದೆ.

ಭಾರತದ ಯೂನಿವರ್ಸಿಟಿಗಳ ಪಿಎಚ್‌ಡಿ ಥೀಸಿಸ್ ಇಟ್ಟಿರೋ ಶೋಧಗಂಗಾ ಸೈಟನ್ನೂ ಬಿಡ್ಬೇಡಿ. ಅಲ್ಲಿರೋ ಕನ್ನಡ ಥೀಸಿಸ್‌ಗಳಲ್ಲಿ ಎಷ್ಟೋ ಹಳೇ ನುಡಿ ಫಾಂಟಲ್ಲಿ ಟೈಪ್ ಆಗಿರೋವು, ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಬೀಳುತ್ತೆ, ಹಾಗಾಗಿ ಒಳಗಿನ ಪದ ಹುಡುಕಿ ಪ್ರಯೋಜನ ಇಲ್ಲ. ನಾನು ಮಾಡೋದು ಏನಂದ್ರೆ, ಅಧ್ಯಾಯಗಳೆಲ್ಲ ಬೇರೆಬೇರೆ ಫೈಲ್ ಆಗಿರುತ್ತಲ್ಲ, ಕೊನೇದು ಗ್ರಂಥಋಣ, ಅದೊಂದನ್ನೇ ಮೊದಲು ಇಳಿಸ್ಕೋತೀನಿ. ಯಾವ ಪತ್ರಿಕೆ ಯಾವ ವರ್ಷದ ಸಂಚಿಕೆ ನೋಡ್ಬೇಕು ಅಂತ ಅಲ್ಲೇ ಗೊತ್ತಾಗುತ್ತೆ.

ಬೇಜಾರಿನ ವಿಷಯ ಹೇಳ್ಬೇಕಂದ್ರೆ ಮನೆಯಿಂದ ಲಾಗಿನ್. ಪಾಸ್‌ವರ್ಡ್ ಹೋದ್ರೆ ಫಾರಂ ತುಂಬಿ ಎಚ್‌ಓಡಿ ಸೈನ್ ಹಾಕಿಸ್ಕೊಂಡು ಬರ್ಬೇಕು, ಎಚ್‌ಓಡಿ ಮೀಟಿಂಗಲ್ಲಿ ಇರ್ತಾರೆ. ಇನ್ನು ಹಳೇ ಸಿನಿಮಾ ವಾರಪತ್ರಿಕೆಗಳ ಬೌಂಡ್ ವಾಲ್ಯೂಂ ಇರೋದು ಹಿಂದಿನ ಸ್ಟೋರಲ್ಲಿ, ಕೇಳಿದ್ರೆ ನಾಳೆ ಬನ್ನಿ ಅಂತಾರೆ. ಮೂರನೇ ನಾಳೆಗೆ ಸಿಕ್ತು, ಧೂಳು ಒರೆಸಿ ತೆಗೆದ್ರೆ ಪುಟದ ಮಧ್ಯೆ ಚೌಕಾಕಾರದ ಕಿಂಡಿ, ಅಣ್ಣಾವ್ರ ಫೋಟೋನ ಯಾವನೋ ಬ್ಲೇಡಲ್ಲಿ ನೀಟಾಗಿ ಕುಯ್ದಿದಾನೆ. ನಂಗೆ ಬೇಕಾಗಿದ್ದ ಸಂದರ್ಶನ ಇದ್ದಿದ್ದು ಅದರ ಬೆನ್ನಿಗೆ. ಪ್ರಶ್ನೆ ಮಾತ್ರ ಉಳ್ಕೊಂಡಿತ್ತು, ಉತ್ತರ ಫೋಟೋ ಜೊತೆ ಯಾವ ಹಾಸ್ಟೆಲ್ ಗೋಡೆಗೆ ಹೋಯ್ತೋ.

ಮೇಡಂ ಬೇರೆ ಒಂದು ಲೈಬ್ರರಿಗೆ ಪತ್ರ ಬರೆದು ಆ ಸಂಚಿಕೆದು ಜೆರಾಕ್ಸ್ ತರಿಸ್ಕೊಟ್ರು. ಎರಡೂ ಪುಟ ಪೂರ್ತಿ ಇದೆ, ಫೋಟೋ ಸಮೇತ.