ನಾಲ್ಕು ವರ್ಷ ಬಳಸಿದ ವೆಲ್ ಟೆಸ್ಟ್ ಸಾಫ್ಟ್‌ವೇರ್: ಎಲ್ಲ ಸರಿ, ಆ ಬಾಲ ಒಂದು ಬಿಟ್ಟು

ತೈಲ ಬಾವಿಯನ್ನು ಮುಚ್ಚಿ, ಒಳಗೆ ಒತ್ತಡ ಏರುವುದನ್ನು ಅಳೆದು, ಆ ಗೆರೆಯಿಂದ ಬಂಡೆಯ ಗುಣ ಹೇಳೋದೇ ವೆಲ್ ಟೆಸ್ಟ್. ಆ ಲೆಕ್ಕ ಮಾಡುವ ಈ ಸಾಫ್ಟ್‌ವೇರ್‌ನಲ್ಲಿ ಎಷ್ಟು ಮಾಡೆಲ್ ಇವೆ, ಎಷ್ಟು ಲಕ್ಷ ಪಾಯಿಂಟ್ ತಡೆಯುತ್ತದೆ ಅನ್ನೋದೆಲ್ಲ ಬ್ರೋಷರ್‌ನಲ್ಲೇ ಇದೆ, ಬಿಡಿ. ನಾನು ಬರೆಯಲು ಕೂತಿದ್ದು ಒಂದು ಸಿಟ್ಟಿಗೆ.

ನನ್ನ ಹತ್ತಿರ ಬರೋದೆಲ್ಲ ಬಿಗಿ ಬಂಡೆಯ ತೈಲ ಬಾವಿಗಳು. ಪರ್ಮಿಯಬಿಲಿಟಿ, ಅಂದರೆ ಬಂಡೆ ಎಣ್ಣೆಯನ್ನು ಎಷ್ಟು ಸಲೀಸಾಗಿ ಹರಿಯಬಿಡುತ್ತದೆ ಅನ್ನೋ ಅಳತೆ, 0.1 ಮಿಲಿಡಾರ್ಸಿ ಇದ್ದರೆ ಪುಣ್ಯ. 100 ಮಿಲಿಡಾರ್ಸಿ ಬಂಡೆ ಒಂದು ಗಂಟೆಯಲ್ಲಿ ಹೇಳುವ ಮಾತನ್ನು, ಉಳಿದದ್ದೆಲ್ಲ ಒಂದೇ ಇದ್ದರೂ, ಇದು ಹೇಳಲು 1000 ಗಂಟೆ ತೆಗೆದುಕೊಳ್ಳುತ್ತದೆ. ಸುಮಾರು 42 ದಿನ! ಅಷ್ಟು ದಿನ ಬಾವಿ ಮುಚ್ಚಿಡಲು ಯಾರು ಒಪ್ಪುತ್ತಾರೆ? ಹತ್ತು ಹನ್ನೆರಡು ದಿನಕ್ಕೇ ತೆರೆದುಬಿಡುತ್ತಾರೆ. ಹಾಗಾಗಿ ನಮಗೆ ಬೇಕಾದ ಸುದ್ದಿಯೆಲ್ಲ ಗೆರೆಯ ಕೊನೇ ಚೂರಿನಲ್ಲಿ, ಬಾಲದಲ್ಲಿ.

ಈ ಸಾಫ್ಟ್‌ವೇರ್ ತಿರುಚೋದು ಅದನ್ನೇ. ಬೂರ್ಡೆ ಅನ್ನುವ ತಜ್ಞ 1983ರಲ್ಲಿ ತಂದ ಡೆರಿವೇಟಿವ್ (ಲಾಗ್ ಅಳತೆಯ ಸಮಯದಲ್ಲಿ ಒತ್ತಡ ಎಷ್ಟು ಬೇಗ ಬದಲಾಗುತ್ತಿದೆ ಅನ್ನೋದು) ಲೆಕ್ಕಕ್ಕೆ ಪ್ರತಿ ಪಾಯಿಂಟ್‌ನ ಎಡಕ್ಕೂ ಬಲಕ್ಕೂ ಒಂದಿಷ್ಟು ಡೇಟಾ ಬೇಕು, ಸ್ಮೂದಿಂಗ್ (ಗೆರೆಯ ಏರಿಳಿತ ನಯಗೊಳಿಸೋದು) ಹೆಚ್ಚಿಸಿದಷ್ಟೂ ಇನ್ನೂ ದೂರದ್ದು ಬೇಕು. ಕೊನೆಯಲ್ಲಿ ಬಲಕ್ಕೆ ಏನಿದೆ? ಏನೂ ಇಲ್ಲ. ಅದಕ್ಕೇ ನಾನು ಸ್ಮೂದಿಂಗ್ 0.1 ಇಟ್ಟು ಸೇವ್ ಮಾಡುತ್ತೇನೆ. ಬಣ್ಣ, ಫಾಂಟು, ಯೂನಿಟ್ಟು ಎಲ್ಲ ನೆನಪಿಟ್ಟುಕೊಳ್ಳುವ ಈ ಮಹಾಶಯ ಇದೊಂದನ್ನು ಮಾತ್ರ ಹೊಸ ಫೈಲ್ ತೆರೆದಾಗಲೆಲ್ಲ ಸುಮ್ನೆ 0.3ಕ್ಕೆ ತಂದು ಕೂರಿಸುತ್ತದೆ. ಒಮ್ಮೆ ಹನ್ನೊಂದು ದಿನದ ಬಿಲ್ಡಪ್‌ನಲ್ಲಿ (ಬಾವಿ ಮುಚ್ಚಿ ಒತ್ತಡ ಏರಲು ಬಿಡುವ ಪರೀಕ್ಷೆ) ಬಾಲ ಚಪ್ಪಟೆಯಾಗಿ ಕಂಡಿತು. ರೇಡಿಯಲ್ ಫ್ಲೋ, ಅಂದರೆ ಸುತ್ತಲಿಂದಲೂ ಬಾವಿಗೆ ಹರಿವು, ಬಂತು ಅಂದುಕೊಂಡು ಖುಷಿಯಿಂದ ಆ ಚಪ್ಪಟೆ ಮಟ್ಟದಿಂದಲೇ ಪರ್ಮಿಯಬಿಲಿಟಿ ಬರೆದುಕೊಟ್ಟೆ. ನಿಜದಲ್ಲಿ ಗೆರೆ ಇನ್ನೂ ಏರುತ್ತಲೇ ಇತ್ತು. ಗೆರೆ ಕೆಳಗಿದ್ದಷ್ಟೂ ಪರ್ಮಿಯಬಿಲಿಟಿ ಜಾಸ್ತಿ ಬರುತ್ತದೆ, ಹಾಗಾಗಿ ನಾನು ಕೊಟ್ಟ ಅಂಕಿ ಜಾಸ್ತಿಯಾಗಿತ್ತು, ಬಾವಿ ಅಷ್ಟು ಎಣ್ಣೆ ಕೊಡಲಿಲ್ಲ. ತಪ್ಪು ಮುಕ್ಕಾಲು ಪಾಲು ನನ್ನದೇ, ನೋಡಬೇಕಿತ್ತು. ಆದರೂ!

ಹಾಗಂತ ಬಿಟ್ಟುಬಿಡೋಕೆ ಮನಸ್ಸು ಬರಲ್ಲ. ಕಾರಣ ಆ ಗೆರೆ ಎಳೆಯುವ ಟೂಲ್. ಬೆಳಿಗ್ಗೆ ಡೇಟಾ ಹಾಕಿ, ಝೂಮ್ ಮಾಡಿ, ಬಾವಿ ಮುಚ್ಚಿದ ಆ ಒಂದು ಕ್ಷಣವನ್ನು ಹುಡುಕಿ ಹಿಡಿಯಬೇಕು. ಕೆಲವು ಸೆಕೆಂಡು ಆಚೀಚೆ ಆದರೂ ಶುರುವಿನ ಗೆರೆ ಸೊಟ್ಟಗಾಗುತ್ತದೆ. ಆಮೇಲೆ ಲಾಗ್-ಲಾಗ್ ಗ್ರಾಫ್‌ನಲ್ಲಿ ಅರ್ಧ (1/2) ಇಳಿಜಾರಿನ ಗೆರೆಯನ್ನು ಮೌಸ್‌ನಲ್ಲಿ ಎಳೆದು ತರುತ್ತೇನೆ. ಒಳ್ಳೆ ಫ್ರಾಕ್ಚರ್ (ಬಂಡೆಯಲ್ಲಿನ ಸೀಳು) ಇದ್ದರೆ ಒತ್ತಡದ ಗೆರೆ ಮೇಲೆ, ಡೆರಿವೇಟಿವ್ ಸರಿಯಾಗಿ ಅದರ ಅರ್ಧಕ್ಕೆ, ಎರಡೂ ರೈಲು ಹಳಿ ಥರ ಜೊತೆಜೊತೆಗೆ ಹೋಗುತ್ತವೆ. ಗೆರೆ ಟಕ್ ಅಂತ ಕೂತಾಗ ಆಗುವ ಖುಷಿ ಈ ಕೆಲಸ ಮಾಡಿದವರಿಗೇ ಗೊತ್ತು.

ಇನ್ನೊಂದು, ಒತ್ತಡದ ವ್ಯತ್ಯಾಸ ಒಂದು ಮಟ್ಟ ದಾಟುವವರೆಗೆ ಎಣ್ಣೆ ಅಲುಗುವುದೇ ಇಲ್ಲ ಅನ್ನುವ ಮಾಡೆಲ್ ಕೂಡ ಕೊಟ್ಟಿದ್ದಾರೆ. ಅಂಥದ್ದು ನಿಜಕ್ಕೂ ಇದೆಯಾ ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಆದರೆ ಅದನ್ನು ಹಾಕಿದರೆ ಬಾಲ ಮೇಲೇಳುತ್ತದೆ, ಥೇಟ್ ಹತ್ತಿರದಲ್ಲೊಂದು ಎಣ್ಣೆ ದಾಟದ ಗೋಡೆ ಇದ್ದ ಹಾಗೆ. ಹುಷಾರು.

ಒಬ್ಬನೇ ಕೆಲಸ ಮಾಡುವವನಿಗೆ ವರ್ಷದ ಲೈಸೆನ್ಸ್ ಭಾರವೇ. ಬೈದುಕೊಂಡೇ ಈ ವರ್ಷವೂ ಕಟ್ಟಿದೆ. ಮಾನಿಟರ್ ಅಂಚಿಗೆ ಹಳದಿ ಚೀಟಿ ಅಂಟಿಸಿದ್ದೇನೆ: "0.1 ಮಾಡಿದೆಯಾ?"