ಮಹಡಿಯ ಆಕ್ಸೆಸ್ ಪಾಯಿಂಟಿಗೆ ವಿದ್ಯುತ್: ಅಡಾಪ್ಟರ್, ಇಂಜೆಕ್ಟರ್, ಪಿಒಇ ಸ್ವಿಚ್

ಮನೆಯ ಕೆಳ ಅಂತಸ್ತಿನಲ್ಲಿ ಫೈಬರ್ ಮೋಡೆಮ್, ಮಹಡಿಯ ಚಾವಣಿಯಲ್ಲಿ ವೈಫೈ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಹರಡುವ ಸಾಧನ), ನಡುವೆ ಒಂದು ನೆಟ್‌ವರ್ಕ್ ಕೇಬಲ್. ಈ ವ್ಯವಸ್ಥೆಗೆ ವಿದ್ಯುತ್ ಒದಗಿಸುವ ಮೂರು ವಿಧಾನಗಳನ್ನೂ ಒಂದೇ ಸಾಧನದ ಮೇಲೆ ಬಳಸಿ ನೋಡಿದ ನಂತರ, ಒಂದೇ ಆಕ್ಸೆಸ್ ಪಾಯಿಂಟ್ ಇರುವ ಮನೆಗೆ ಇಂಜೆಕ್ಟರ್ ಸಾಕೆಂಬ ಅಭಿಪ್ರಾಯಕ್ಕೆ ಬಂದಿದ್ದೇನೆ.

ಸಾಧನದ ಜೊತೆಗೇ ಬರುವ 12 ವೋಲ್ಟಿನ ಅಡಾಪ್ಟರಿಗೆ ಬೇರೆ ಖರ್ಚಿಲ್ಲ. ಆದರೆ ಸಿಗ್ನಲ್ ಚೆನ್ನಾಗಿ ಹರಡುವ ಜಾಗದಲ್ಲಿ ಪ್ಲಗ್ ಪಾಯಿಂಟ್ ಇರುವುದು ಅಪರೂಪ. ಕರೆಂಟ್ ಹೋದಾಗ ಕೆಳಗಿನ ಮೋಡೆಮ್ ಯುಪಿಎಸ್ ಮೇಲೆ ನಡೆಯುತ್ತಿದ್ದರೂ ಮೇಲಿನ ವೈಫೈ ಆರಿಹೋಗುತ್ತದೆ.

ಇಂಜೆಕ್ಟರ್ ಮೋಡೆಮ್ಮಿನ ಪಕ್ಕದಲ್ಲೇ ಕುಳಿತು ಡೇಟಾ ಹೋಗುವ ಕೇಬಲ್ಲಿನಲ್ಲಿಯೇ ವಿದ್ಯುತ್ತನ್ನೂ ಮೇಲಕ್ಕೆ ಕಳಿಸುವುದರಿಂದ (ಇದಕ್ಕೇ ಪಿಒಇ, ಅಂದರೆ ಪವರ್ ಓವರ್ ಈಥರ್ನೆಟ್ ಎನ್ನುತ್ತಾರೆ), ಒಂದೇ ಯುಪಿಎಸ್ ಎರಡನ್ನೂ ಕಾಯುತ್ತದೆ. ಮೋಡೆಮ್ಮಿನಿಂದ ಬರುವ ಕೇಬಲ್ಲನ್ನು 'ಲ್ಯಾನ್' ಎಂದು ಬರೆದ ಪೋರ್ಟಿಗೂ ಮಹಡಿಗೆ ಹೋಗುವುದನ್ನು 'ಪಿಒಇ' ಪೋರ್ಟಿಗೂ ಸಿಕ್ಕಿಸಿದರೆ ಜೋಡಣೆ ಮುಗಿಯಿತು. ಕೊಳ್ಳುವಾಗ ಮಾತ್ರ ಬಹಳ ಎಚ್ಚರ ಬೇಕು. ಪಿಒಇಗಾಗಿ ರೂಪಿಸಿದ 2003ರ 802.3ಎಎಫ್ ಮಾನದಂಡಕ್ಕೆ ಹೊಂದುವ ಇಂಜೆಕ್ಟರ್, ಎದುರು ತುದಿಯಲ್ಲಿ ಸುಮಾರು 25 ಕಿಲೋಓಮ್ ರೋಧವಿದೆಯೇ ಎಂದು ಮೊದಲು ಪರೀಕ್ಷಿಸಿ, ಇದ್ದರಷ್ಟೇ ಪೂರ್ಣ ವೋಲ್ಟೇಜ್ ಕೊಡುತ್ತದೆ. ಆದ್ದರಿಂದ ಯಾರಾದರೂ ಆ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಹಾಕಿದರೂ ಭಯವಿಲ್ಲ. 24 ವೋಲ್ಟಿನ 'ಪ್ಯಾಸಿವ್' ಇಂಜೆಕ್ಟರುಗಳು ಇಂಥ ಪರೀಕ್ಷೆ ಮಾಡದೆ ನೇರವಾಗಿ ವಿದ್ಯುತ್ ಹರಿಸುತ್ತವೆ. ಅಗ್ಗದ ಕೆಲವು ಮಾದರಿಗಳು ಕೇಬಲ್ಲಿನ ನಾಲ್ಕು ಜೋಡಿ ತಂತಿಗಳಲ್ಲಿ ಎರಡನ್ನು ವಿದ್ಯುತ್ತಿಗೇ ಮೀಸಲಿಡುವುದರಿಂದ, ಎಷ್ಟೇ ದೊಡ್ಡ ಪ್ಲಾನ್ ಇದ್ದರೂ ವೇಗ 100 ಎಂಬಿಪಿಎಸ್ ದಾಟುವುದಿಲ್ಲ. ಡಬ್ಬಿಯ ಮೇಲೆ 'ಗಿಗಾಬಿಟ್' ಎಂದಿರುವುದನ್ನು ನೋಡಿಯೇ ತರಬೇಕು.

ಕೇಬಲ್ಲಿನ ಗುಣಮಟ್ಟವೂ ಇಲ್ಲಿ ಮುಖ್ಯ. 802.3ಎಎಫ್ ಪ್ರಕಾರ ಮೂಲದಲ್ಲಿ 15.4 ವ್ಯಾಟ್ ಕೊಟ್ಟರೂ 100 ಮೀಟರಿನ ಕೊನೆಯಲ್ಲಿ ಸಾಧನಕ್ಕೆ ಖಾತರಿಯಾಗಿ ದಕ್ಕುವುದು 12.95 ವ್ಯಾಟ್ ಎಂಬ ಲೆಕ್ಕ ಶುದ್ಧ ತಾಮ್ರದ ತಂತಿಗೆ ಅನ್ವಯಿಸುತ್ತದೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಕೇಬಲ್ಲಿನಲ್ಲಿ ರೋಧ ಹೆಚ್ಚು, ನಷ್ಟವೂ ಹೆಚ್ಚು. ಗೋಡೆಯೊಳಗೆ ಹೂತುಹೋಗುವ ಕೇಬಲ್ಲಿನಲ್ಲಿ ಉಳಿತಾಯ ಮಾಡಲೇಬಾರದು.

ಹಲವು ಪೋರ್ಟುಗಳಿಂದ ಡೇಟಾ, ವಿದ್ಯುತ್ ಎರಡನ್ನೂ ಕೊಡುವ ಪಿಒಇ ಸ್ವಿಚ್ ಕೆಲಸದಲ್ಲಿ ಇಂಜೆಕ್ಟರಿಗಿಂತ ಅಚ್ಚುಕಟ್ಟು. ಮ್ಯಾನೇಜ್ಡ್ (ಕಂಪ್ಯೂಟರಿನಿಂದ ನಿಯಂತ್ರಿಸಬಹುದಾದ) ಮಾದರಿಯಾದರೆ, ಸ್ತಬ್ಧವಾದ ಆಕ್ಸೆಸ್ ಪಾಯಿಂಟನ್ನು ಏಣಿ ಹತ್ತದೆ, ಕುಳಿತಲ್ಲಿಂದಲೇ ಆರಿಸಿ ಮತ್ತೆ ಹೊತ್ತಿಸಬಹುದು. ಆದರೂ ಒಂದು ಸಾಧನಕ್ಕಾಗಿ ಅಷ್ಟು ಹಣ ತೆರುವುದು ನನಗೆ ಸರಿಯೆನಿಸಲಿಲ್ಲ. ಕ್ಯಾಮೆರಾಗಳೂ ಸೇರಿ ಮೂರ್ನಾಲ್ಕು ಸಾಧನಗಳಾದಾಗ ಅದನ್ನೇ ಆರಿಸಬೇಕು. ಆಗ ಪೋರ್ಟುಗಳ ಸಂಖ್ಯೆಯ ಜೊತೆಗೆ, ಎಲ್ಲ ಪೋರ್ಟುಗಳಿಗೂ ಸೇರಿ ಸ್ವಿಚ್ ಎಷ್ಟು ವ್ಯಾಟ್ ಕೊಡಬಲ್ಲದೆಂಬುದನ್ನೂ ನೋಡಿಕೊಳ್ಳಬೇಕು.