ಕಾರಿನೊಳಗಿನ ಪಸೆಗೆ ಸಿಲಿಕಾ ಜೆಲ್ ಚೀಲ: ಮೂರ್ನಾಲ್ಕು ಮಳೆಗಾಲ ಬಳಸಿದ ಮೇಲೆ

ನಾವಿರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ರಸ್ತೆಯ ಆಸುಪಾಸಿನಲ್ಲಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ನೆರೆಯಲ್ಲಿ ಕಾರು ಇಟ್ಟುಕೊಂಡವರಿಗೆ ಪಸೆ ಎಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಆರಿದ್ರಾ ಮಳೆ ಹಿಡಿಯಿತೆಂದರೆ ಸೀಟ್ ಬೆಲ್ಟಿನ ಪಟ್ಟಿಯ ಮೇಲೆ ಬಿಳಿ ಬೂಷ್ಟು, ಸ್ಟೀರಿಂಗ್ ಮೇಲೆ ಬೂದಿ ಬಣ್ಣದ ಚುಕ್ಕೆ, ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆಯುವ ಮುಗ್ಗಲು ವಾಸನೆ. ಇದಕ್ಕೆಂದೇ ತರಿಸಿದ್ದು ಒಣಗಿಸಿ ಮತ್ತೆ ಮತ್ತೆ ಬಳಸಬಹುದಾದ ಸಿಲಿಕಾ ಜೆಲ್ ಚೀಲ, ಅಂದರೆ ಗಾಳಿಯ ತೇವ ಹೀರುವ ಮಣಿಗಳು ತುಂಬಿದ ಚೀಲ. ಅರ್ಧ ಕಿಲೋದ್ದು, ಒಂದಕ್ಕೆ ಸುಮಾರು 600 ರೂಪಾಯಿ ಬಿತ್ತು. ಈಗ ಅಂಥವು ಎರಡಿವೆ.

ಮೊದಲೇ ಹೇಳಿಬಿಡುತ್ತೇನೆ. ನಿಂತ ಕಾರಿನ ಬೂಷ್ಟು ಮತ್ತು ವಾಸನೆಗೆ ಈ ಚೀಲ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಓಡುವ ಕಾರಿನ ಗಾಜಿಗೆ ಕಟ್ಟುವ ಮಂಜಿಗೆ ಇದರಿಂದ ಹೇಳಿಕೊಳ್ಳುವಂಥ ಉಪಯೋಗವಿಲ್ಲ. ಕಾರಿನೊಳಗೆ ನೀರು ಸೇರುವ ದಾರಿಗಳನ್ನು ಮುಚ್ಚದೆ ಇದನ್ನು ಇಟ್ಟರೆ ಬೂಷ್ಟಿಗೂ ವಾಸನೆಗೂ ಉಪಯೋಗವಾಗುವುದಿಲ್ಲ.

ಕಾರಣ ಸರಳ ಲೆಕ್ಕ. ಸಿಲಿಕಾ ಜೆಲ್ ತುಂಬಾ ತೇವ ಇರುವ ಕಡೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ನೀರು ಹೀರುತ್ತದೆ. ಅಂದರೆ ಅರ್ಧ ಕಿಲೋ ಚೀಲಕ್ಕೆ ಹೆಚ್ಚೆಂದರೆ 160-170 ಗ್ರಾಂ. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿದಿಟ್ಟುಕೊಳ್ಳುವುದು ಸುಮಾರು 23 ಗ್ರಾಂ ನೀರಾವಿ. ಸಣ್ಣ ಕಾರಿನೊಳಗಿನ ಗಾಳಿ ಮೂರು ಘನ ಮೀಟರಿನ ಆಸುಪಾಸು. ಹಾಗಾಗಿ ಕಾರಿನೊಳಗಿನ ಗಾಳಿಯಲ್ಲಿರುವ ಅಷ್ಟೂ ನೀರು ಒಂದು ಲೋಟದ ಅರ್ಧಕ್ಕೂ ಬರುವುದಿಲ್ಲ, ಚೀಲ ಅದನ್ನು ಸಲೀಸಾಗಿ ನುಂಗುತ್ತದೆ. ತೊಂದರೆ ಇರುವುದು ನಾವು ಒಳಗೆ ಹೊತ್ತು ತರುವ ನೀರಿನಲ್ಲಿ. ತೋಟದಿಂದ ಬಂದು ಕೂತ ದಿನದ ಬಟ್ಟೆಯ ಮ್ಯಾಟನ್ನು ಅಡುಗೆಮನೆ ತಕ್ಕಡಿಯ ಮೇಲಿಟ್ಟು ನೋಡಿದೆ, ಒಣಗಿದ್ದಾಗಿನದ್ದಕ್ಕಿಂತ ಮುಕ್ಕಾಲು ಕಿಲೋ ಹೆಚ್ಚು ತೂಗಿತು. ಒಂದು ಮ್ಯಾಟಿನ ನೀರಿಗೇ ನಾಲ್ಕೈದು ಚೀಲ ಬೇಕು. ಅದರ ಮೇಲೆ ಹಿಂದಿನ ಸೀಟಿನ ಕೆಳಗೆ ಒದ್ದೆ ಕೊಡೆ, ಮಕ್ಕಳ ರೈನ್‌ಕೋಟು.

ಹಾಗಾಗಿ ಚೀಲದ ವಿಮರ್ಶೆ ಬರೆಯುವ ಮುಂಚೆ ಅದು ಕೆಲಸ ಮಾಡುವ ಹಾಗೆ ಏನೇನು ಮಾಡಬೇಕಾಯಿತು ಅನ್ನುವುದನ್ನು ಬರೆಯಲೇಬೇಕು. ಬಟ್ಟೆ ಮ್ಯಾಟುಗಳು ಮೇ ತಿಂಗಳ ಕೊನೆಗೆ ಅಟ್ಟ ಸೇರುತ್ತವೆ. ಅವುಗಳ ಜಾಗಕ್ಕೆ ಅಂಚು ಎತ್ತರವಿರುವ ರಬ್ಬರ್ ಟ್ರೇ ಮ್ಯಾಟು. ನೀರು ಅದರಲ್ಲೇ ನಿಲ್ಲುತ್ತದೆ, ಎತ್ತಿ ಚೆಲ್ಲಿದರೆ ಮುಗಿಯಿತು. ಟ್ರೇ ಮೇಲೆ ಹಳೇ ಪೇಪರ್ ಹಾಸುವುದು ನಮ್ಮ ಕಡೆ ಜೀಪಿನವರು ಮೊದಲಿಂದಲೂ ಮಾಡಿಕೊಂಡು ಬಂದದ್ದು, ಅದಕ್ಕೆ ಸಾಟಿಯಾದ ಉಪಾಯ ನನಗಿನ್ನೂ ಸಿಕ್ಕಿಲ್ಲ. ಒದ್ದೆ ಪೇಪರನ್ನು ಸಂಜೆ ತೆಗೆದುಬಿಡಬೇಕು ಅಷ್ಟೆ. ಕೊಡೆಗೆ ಡಿಕ್ಕಿಯಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ.

ಇಷ್ಟೆಲ್ಲ ಮಾಡಿದರೂ ಒಂದು ಮಳೆಗಾಲದಲ್ಲಿ ಎಡಗಡೆ ಮುಂದಿನ ಸೀಟಿನ ಕಾಲಡಿ ಮಾತ್ರ ಆರುತ್ತಲೇ ಇರಲಿಲ್ಲ. ಚೀಲದ ಮಣಿಗಳು ಎರಡೇ ದಿನಕ್ಕೆ ನೀರು ತುಂಬಿ ಬಣ್ಣ ಬದಲಿಸುತ್ತಿದ್ದವು. ಬಾಗಿಲಿನ ರಬ್ಬರ್ ಹೋಗಿರಬೇಕೆಂದು ಪೇಟೆಯ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಹುಡುಗ ನೆಲದ ಕಾರ್ಪೆಟ್ ಎತ್ತಿ, ಅದರಡಿಯ ದಪ್ಪ ಫೋಮನ್ನು ಹಿಂಡಿ ತೋರಿಸಿದ. ನೀರು ತೊಟ್ಟಿಕ್ಕಿತು. ಬೆರಳು ಮೂಸಿ, "ಸಾರ್, ಇದು ಮಳೆ ನೀರಲ್ಲ, ಎಸಿದು" ಎಂದ. ಎಸಿಯೊಳಗೆ ತಣ್ಣಗಾದ ಗಾಳಿ ಬಿಟ್ಟ ನೀರು ಕಾರಿನ ಅಡಿಗೆ ಹೋಗಲೆಂದು ಒಂದು ಸಣ್ಣ ರಬ್ಬರ್ ಪೈಪು ಇರುತ್ತದೆ. ಅದರಲ್ಲಿ ಧೂಳು, ಕಸ ಸೇರಿ ಕೆಸರು ಕಟ್ಟಿಕೊಂಡರೆ ನೀರು ಹಿಂದಕ್ಕೆ ಬಂದು ಕಾಲಡಿಯ ಫೋಮಿಗೆ ಇಳಿಯುತ್ತದೆ. ತಂತಿ ಹಾಕಿ ಚುಚ್ಚಿದ ಕೂಡಲೇ ಬುಳಬುಳನೆ ಕಪ್ಪು ನೀರು ಬಂತು. ಎಸಿ ಹಾಕಿ ನಿಲ್ಲಿಸಿದ ಕಾರಿನಡಿ ನೀರು ತೊಟ್ಟಿಕ್ಕುತ್ತಿದ್ದರೆ ಆ ಪೈಪು ಸರಿಯಿದೆ ಅಂತ ಅರ್ಥ. ಇಂಥ ತೇವದ ಹವೆಯಲ್ಲಿ ಒಂದು ತೊಟ್ಟೂ ಬೀಳುತ್ತಿಲ್ಲವೆಂದರೆ ನೋಡಿಸಬೇಕು.

ಮರದಡಿ ಕಾರು ನಿಲ್ಲಿಸುವವರು ಇನ್ನೊಂದು ಜಾಗ ನೋಡಿಕೊಳ್ಳಿ. ವೈಪರಿನ ಬುಡದಲ್ಲಿ, ಬಾನೆಟ್ಟಿಗೂ ಮುಂದಿನ ಗಾಜಿಗೂ ನಡುವೆ ಜಾಲರಿ ಇದೆಯಲ್ಲ, ಕಾರಿನೊಳಗೆ ಹೊರಗಾಳಿ ಬರುವುದೇ ಅಲ್ಲಿಂದ. ಅಲ್ಲಿ ತರಗೆಲೆ ಕೊಳೆತು ನೀರು ಹರಿಯುವ ತೂತು ಮುಚ್ಚಿಕೊಂಡರೆ ಒಳಗೆ ಬರುವ ಗಾಳಿಯೇ ಒದ್ದೆ, ಹೆಚ್ಚು ತುಂಬಿದರೆ ನೀರೇ ಬಂದೀತು. ಸನ್‌ರೂಫ್ ಇರುವ ಕಾರಿನಲ್ಲಿ ಅದರ ನಾಲ್ಕು ಮೂಲೆಯ ಪೈಪುಗಳೂ ಹೀಗೆಯೇ.

ಈಗ ಚೀಲದ ವಿಷಯ. ನನ್ನದರೊಳಗೆ ಕಿತ್ತಳೆ ಬಣ್ಣದ ಮಣಿಗಳ ಸಣ್ಣ ಕಿಟಕಿ ಇದೆ, ನೀರು ತುಂಬಿದಾಗ ಅವು ಕಡು ಹಸಿರಾಗುತ್ತವೆ. ನೀಲಿಯಿಂದ ಗುಲಾಬಿಗೆ ತಿರುಗುವ ಮಣಿಗಳೂ ಬರುತ್ತವೆ. ಆ ನೀಲಿ ಬಣ್ಣ ಕೋಬಾಲ್ಟ್ ಕ್ಲೋರೈಡಿನದು, ಅದು ವಿಷ. ಮಕ್ಕಳು ಓಡಾಡುವ ಕಾರಿಗೆ, ಅದರಲ್ಲೂ ಅಡುಗೆಮನೆಯಲ್ಲಿ ಕಾಯಿಸಿ ಒಣಗಿಸುವ ವಸ್ತುವಿಗೆ, ನೀಲಿಯದು ಬೇಡವೇ ಬೇಡ. ವರ್ಷ ಕಳೆದ ಹಾಗೆ ಕಿತ್ತಳೆ ಮಣಿಯೂ ಮಂಕಾಗಿ, ತುಂಬಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೆ ನಾನು ತಕ್ಕಡಿಯನ್ನೇ ನಂಬುವುದು. ಒಣಗಿದಾಗ 510 ಗ್ರಾಂ ಇದ್ದದ್ದು 640 ದಾಟಿತೆಂದರೆ ತೆಗೆದು ಒಣಗಿಸುತ್ತೇನೆ. ಪುಷ್ಯ, ಆಶ್ಲೇಷ ಮಳೆ ಹೊಯ್ಯುವ ದಿನಗಳಲ್ಲಿ ವಾರಕ್ಕೊಮ್ಮೆ ಈ ಕೆಲಸ ಇದ್ದೇ ಇದೆ. ಒಣಗಿಸಿದ ಮೇಲಿನ ತೂಕ ಇವತ್ತಿಗೂ ಹೆಚ್ಚುಕಡಿಮೆ ಮೊದಲಿನಷ್ಟೇ ಇಳಿಯುತ್ತದೆ, ಹೀರುವ ಶಕ್ತಿಯೂ ಅಂಥ ತಗ್ಗಿದ್ದು ಕಾಣಲಿಲ್ಲ. ಒಂದು ಚೀಲದ ಮೂಲೆಯ ಹೊಲಿಗೆ ಮಾತ್ರ ಬಿಟ್ಟಿತ್ತು, ದಪ್ಪ ದಾರದಲ್ಲಿ ಹೊಲಿದುಕೊಂಡೆ.

ಒಣಗಿಸುವುದೇ ಇದರ ದೊಡ್ಡ ಕಿರಿಕಿರಿ. ಜೆಲ್ ನೀರು ಬಿಡಬೇಕಾದರೆ ನೂರು ಡಿಗ್ರಿ ದಾಟಿದ ಶಾಖ ಬೇಕು. ಬಿಸಿಲಿಗಿಟ್ಟರೆ ಏನೂ ಆಗುವುದಿಲ್ಲ, ಆಷಾಢದಲ್ಲಿ ಬಿಸಿಲಾದರೂ ಎಲ್ಲಿದೆ? ನನ್ನ ಚೀಲದ ಮೇಲೆ 600 ವ್ಯಾಟಿನಲ್ಲಿ ಆರು ನಿಮಿಷ ಮೈಕ್ರೋವೇವಿನಲ್ಲಿಡಿ ಎಂದಿದೆ. ನಾನು ಮೂರು ನಿಮಿಷಕ್ಕೆ ನಿಲ್ಲಿಸಿ, ಒಳಗೆ ಕಟ್ಟಿದ ಹಬೆ ಒರೆಸಿ, ಚೀಲ ಮಗುಚಿ, ಮತ್ತೆ ಮೂರು ನಿಮಿಷ ಇಡುತ್ತೇನೆ. ಒಂದೇ ಸಲಕ್ಕೆ ಇಟ್ಟರೆ ನಡುಭಾಗ ಸುಡುವಷ್ಟು ಕಾಯುತ್ತದೆ, ಅಂಚು ಒದ್ದೆಯಾಗಿಯೇ ಉಳಿಯುತ್ತದೆ. ಮೈಕ್ರೋವೇವಿಗೆ ಆಗುತ್ತದೆ ಎಂದು ಸ್ಪಷ್ಟವಾಗಿ ಬರೆದಿರದ ಚೀಲವನ್ನು ಒಳಗಿಡಬೇಡಿ. ಬಚ್ಚಲೊಲೆಯ ಮೇಲೆ ಬಟ್ಟೆ ಒಣಗಿಸುವ ಹಾಗೆ ಇದನ್ನು ಒಣಗಿಸಲು ಆಗದು, ಚೀಲದ ಬಟ್ಟೆ ಪಾಲಿಯೆಸ್ಟರ್, ಕರಗುತ್ತದೆ. ಮಳೆಗಾಳಿಗೆ ಕಂಬ ಬಿದ್ದು ಮೂರು ದಿನ ಕರೆಂಟ್ ಇಲ್ಲದಿದ್ದಾಗ ಈ ಚೀಲ ಸುಮ್ಮನೆ ಅರ್ಧ ಕಿಲೋ ಭಾರ. ಎರಡನೆಯದನ್ನು ತರಿಸಿದ್ದು ಇದಕ್ಕೇ, ಒಂದು ಕಾರಿನಲ್ಲಿ, ಒಂದು ಒಣಗಿಸಿ ಸಿದ್ಧ.

ಇಡುವ ಜಾಗದ ಬಗ್ಗೆ ಒಂದು ಮಾತು. ಡ್ಯಾಶ್‌ಬೋರ್ಡ್ ಮೇಲೆ ಇಡಿ ಎಂದು ಚಿತ್ರದಲ್ಲಿ ತೋರಿಸುತ್ತಾರೆ. ನಿಂತ ಕಾರಿನಲ್ಲಿ ಸರಿ. ಓಡುವಾಗ, ಅದರಲ್ಲೂ ಹದಿನಾಲ್ಕು ತಿರುವಿನ ಆಗುಂಬೆ ಘಾಟಿಯಲ್ಲಿ, ಅದು ಆ ಕಡೆಯಿಂದ ಈ ಕಡೆ ಜಾರುತ್ತದೆ, ಏರ್‌ಬ್ಯಾಗ್ ತೆರೆಯುವ ಜಾಗಕ್ಕೂ ಅಡ್ಡ. ನಾನು ಹೊರಡುವಾಗ ಸೀಟಿನ ಹಿಂದಿನ ಜೇಬಿಗೆ ತುರುಕುತ್ತೇನೆ.

ಬೇರೆಯವೂ ಮನೆಯಲ್ಲಿ, ನೆಂಟರ ಕಾರಿನಲ್ಲಿ ಬಂದು ಹೋಗಿವೆ. ಬೀರುವಿನಲ್ಲಿ ಇಡುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ಸಿಲಿಕಾಕ್ಕಿಂತ ಎಷ್ಟೋ ಪಾಲು ಹೆಚ್ಚು ನೀರು ಎಳೆಯುತ್ತದೆ, ಆದರೆ ಎಳೆದದ್ದೆಲ್ಲ ಡಬ್ಬಿಯಲ್ಲಿ ಉಪ್ಪುನೀರಾಗಿ ನಿಲ್ಲುತ್ತದೆ. ನಮ್ಮ ಭಾವನ ಕಾರಿನಲ್ಲಿ ಅದು ಮಗುಚಿ, ಸೀಟಿನ ಹಳಿ ತುಕ್ಕು ಹಿಡಿದು, ಆ ಜಾಗ ಇವತ್ತಿಗೂ ಅಂಟು. ಓಡಾಡುವ ಕಾರಿಗೆ ಅದು ಬೇಡ. ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವ ಕಾರಿಗೆ, ಅಗಲ ಬಾಯಿಯ ಬಕೆಟ್ಟಿನೊಳಗೆ ಇಟ್ಟರೆ ಅದೇ ವಾಸಿ. ಬಟ್ಟೆಯಲ್ಲಿ ಕಟ್ಟಿಡುವ ಕಲ್ಲುಪ್ಪಿನ ಕತೆಯೂ ಅದೇ. ತೇವ 75 ಶೇಕಡಾ ದಾಟಿದರೆ ಉಪ್ಪೇ ನೀರಾಗಿ ಸೋರುತ್ತದೆ. ಬಿದಿರಿನ ಇದ್ದಿಲ ಚೀಲ ವಾಸನೆಗೆ ಒಳ್ಳೆಯದು, ನೀರಿಗೆ ಅಲ್ಲ.

ಗಾಜಿನ ಮಂಜಿನ ಬಗ್ಗೆ ಕೇಳುವವರೇ ಹೆಚ್ಚು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಬ್ಬ ಮನುಷ್ಯ ಉಸಿರಿನಿಂದ, ಮೈಯಿಂದ ಗಂಟೆಗೆ 30-40 ಗ್ರಾಂ ನೀರಾವಿ ಬಿಡುತ್ತಾನೆ. ನಾಲ್ಕು ಜನ ಕೂತರೆ ಒಂದೇ ಗಂಟೆಗೆ ಚೀಲ ತುಂಬುವಷ್ಟು ನೀರು, ಆದರೆ ಚೀಲ ಹೀರುವುದು ಗಂಟೆಗಟ್ಟಲೆ ನಿಧಾನವಾಗಿ. ಆ ಹೊತ್ತಿಗೆ ಗಾಜು ಬೆಳ್ಳಗಾಗಿರುತ್ತದೆ. ಅಲ್ಲಿ ಕೆಲಸಕ್ಕೆ ಬರುವುದು ಎಸಿ. ಚಳಿಯೆಂದು ಎಸಿ ಆರಿಸಿ, ಒಳಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿಕೊಂಡು ಹೋಗುವವರನ್ನು ಮಳೆಗಾಲದಲ್ಲಿ ದಿನವೂ ನೋಡುತ್ತೇನೆ, ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಒರೆಸುವ ಬಟ್ಟೆ. ಎಸಿ ಹಾಕಿ, ಉಷ್ಣತೆಯ ಗುಂಡಿಯನ್ನು ಕೆಂಪಿನ ಕಡೆ ತಿರುಗಿಸಿ, ಹೊರಗಾಳಿ ಬಿಟ್ಟುಕೊಂಡು, ಗಾಜಿನ ಕಡೆ ತಿರುಗಿಸಿದರೆ ಒಣಗಿದ ಬೆಚ್ಚನೆಯ ಗಾಳಿ ಗಾಜಿಗೆ ಬಡಿದು ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ, ಚಳಿಯೂ ಆಗುವುದಿಲ್ಲ. ಒಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಗಾಳಿಗೆ ಬಿರುಸಿರುವುದಿಲ್ಲ, ಮಳೆಗಾಲಕ್ಕೆ ಮುಂಚೆ ಅದನ್ನು ಬದಲಿಸಿ.

ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ತಲುಪಿದ ಮೇಲೆ ಕತೆ ತಿರುಗುತ್ತದೆ. ಮೇಲಿನ ತಂಪಿನಲ್ಲಿ, ಎಸಿಯಲ್ಲಿ ತಣ್ಣಗಾದ ಗಾಜಿಗೆ ಕರಾವಳಿಯ ಬೆಚ್ಚನೆಯ ಒದ್ದೆ ಗಾಳಿ ತಾಗಿ ಹೊರಮೈ ಮೇಲೆ ಮಂಜು ಕಟ್ಟುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಹೋಗದು. ವೈಪರ್ ಒಂದು ಸುತ್ತು ಹೊಡೆಸಿ, ತಣ್ಣನೆ ಗಾಳಿಯನ್ನು ಗಾಜಿನಿಂದ ಬೇರೆ ಕಡೆ ತಿರುಗಿಸಿದರೆ ಸಾಕು. ಬೆರಳಿನಿಂದ ಒಳಗೆ ಗೀರಿ ನೋಡಿದರೆ ಮಂಜು ಯಾವ ಕಡೆಯದು ಅಂತ ಗೊತ್ತಾಗಿಬಿಡುತ್ತದೆ.

ದಿನವೂ ಕಾರು ತೆಗೆಯುವ, ಬಿಸಿಲು ಕಾಣುವ ಊರಿನವರಿಗೆ ಈ ಚೀಲ ಬೇಕಿಲ್ಲ. ಮಳೆ ಹೊಳವಾದಾಗ ನಾಲ್ಕೂ ಬಾಗಿಲು ತೆರೆದಿಟ್ಟರೆ ಆಯಿತು. ಮಲೆನಾಡು, ಕೊಡಗು, ಘಟ್ಟದ ಕೆಳಗಿನವರು, ಅದರಲ್ಲೂ ವಾರಕ್ಕೊಮ್ಮೆ ಕಾರು ಹೊರಗೆ ತೆಗೆಯುವವರು, ಮನೆಯಲ್ಲಿ ಮೈಕ್ರೋವೇವ್ ಇದ್ದರೆ ಎರಡು ಚೀಲ ತರಿಸಿಕೊಳ್ಳಿ. ಚೀಲಕ್ಕೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ದೀಪಾವಳಿ ಕಳೆದ ಮೇಲೆ ಒಣಗಿಸಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಿ. ಹೊರಗೆ ಬಿಟ್ಟರೆ ಮನೆಯ ಗಾಳಿಯ ತೇವವನ್ನೇ ಹೀರಿಕೊಂಡು, ಮುಂದಿನ ಮಳೆಗಾಲ ಶುರುವಾಗುವ ಹೊತ್ತಿಗೆ ಅರ್ಧ ತುಂಬಿರುತ್ತದೆ.